ಚಿತ್ರದಲ್ಲಿ ಹರಳು: ಸುರಪುರದ ಬಂಗಾರದಿಂದ ತೈಲವರ್ಣದವರೆಗೆ

ಚಿತ್ರಕಾರನ ಕಣ್ಣಿಗೆ ಎದುರಾಗುವ ವಸ್ತುಗಳಲ್ಲಿ ರತ್ನವು ತೀರ ಚಿಕ್ಕದು, ಆದರೆ ಬಣ್ಣದಲ್ಲಿ ಹಿಡಿಯಲು ತೀರ ಕಠಿಣವಾದುದು. ಹಣ್ಣು, ಬಟ್ಟೆ, ಮಣ್ಣಿನ ಕೊಡ, ಮನುಷ್ಯನ ಮುಖ ಮುಂತಾದವುಗಳ ಮೇಲೆ ಬಿದ್ದ ಬೆಳಕು ಬಹುಮಟ್ಟಿಗೆ ಹೊರಮೈಯಿಂದಲೇ ಹಿಂದಿರುಗುವುದರಿಂದ, ಅವುಗಳಿಗೆ ಇದೇ ಎಂದು ಹೇಳಬಹುದಾದ ಒಂದು ಬಣ್ಣವೂ, ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಕ್ರಮವಾಗಿ ಗಾಢವಾಗುವ ಒಂದು ನೆರಳೂ ಇರುತ್ತವೆ. ಪಾರದರ್ಶಕವಾದ ಹರಳಿನಲ್ಲಿ ಬೆಳಕು ಒಳಹೊಕ್ಕು, ಬಾಗಿ, ಹಿಂಬದಿಯ ಮುಖಗಳಿಗೆ ತಾಗಿ, ಕೆಲವು ಬಣ್ಣಗಳನ್ನು ಒಳಗೇ ಕಳೆದುಕೊಂಡು, ಉಳಿದವನ್ನು ಹೊತ್ತು ಬೇರೊಂದು ದಾರಿಯಿಂದ ಹೊರಬರುತ್ತದೆ. ಈ ಸಂಚಾರವನ್ನು ಪಾರದರ್ಶಕವಲ್ಲದ ಬಟ್ಟೆಯ ಅಥವಾ ಹಲಗೆಯ ಮೇಲೆ ಬಣ್ಣದಿಂದ ತೋರಿಸುವ ಕೆಲಸವನ್ನೇ ಕೆಲವು ಸಮಕಾಲೀನ ಚಿತ್ರಕಾರರು ತಮ್ಮ ಮುಖ್ಯ ಉದ್ಯೋಗವಾಗಿ ಕೈಗೊಂಡಿದ್ದಾರೆ. ಕೆನಡಾದ ಕಾರ್ಲಿ ವೇಟೊ ಅವರು ಖನಿಜದ ಹರಳುಗಳನ್ನು ಅಂಗೈಯಗಲದ ಗಟ್ಟಿ ಹಲಗೆಗಳ ಮೇಲೆ ತೈಲವರ್ಣದಲ್ಲಿ ಬರೆಯುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದ ಆಂಜಿ ಕ್ರ್ಯಾಬ್‌ಟ್ರೀ ಅವರು ಅದಕ್ಕೆ ವಿರುದ್ಧವಾದ ದಾರಿ ಹಿಡಿದು, ಉಂಗುರದಲ್ಲಿ ಕೂರುವಷ್ಟು ಚಿಕ್ಕದಾದ ವಜ್ರವನ್ನು ದೊಡ್ಡ ಕ್ಯಾನ್ವಾಸಿನ ತುಂಬ ಹಿಗ್ಗಿಸಿ, ಅದರ ಒಂದೊಂದು ಮುಖವನ್ನೂ ಬಿಡಿಬಿಡಿಯಾಗಿ ತೋರಿಸುತ್ತಾರೆ.

ಯಾದಗಿರಿ, ಶಹಾಪುರ, ಸುರಪುರಗಳ ನೆಲದಲ್ಲಿ ನಿಂತು ಈ ಬಗೆಯ ಚಿತ್ರಗಳನ್ನು ಕುರಿತು ಯೋಚಿಸಿದಾಗ, ಅವು ದೂರದ ದೇಶದ ಹೊಸ ಹವ್ಯಾಸವೆಂದು ತೋರುವುದಿಲ್ಲ. ಹರಳು, ಅದರ ಕೆಳಗಿನ ಹೊಳಪು, ಆ ಹೊಳಪನ್ನು ಚಿತ್ರಕ್ಕೆ ತರುವ ಉಪಾಯ ಎಂಬ ಮೂರೂ ವಿಷಯಗಳನ್ನು ಈ ಸೀಮೆಯ ಕುಶಲಕರ್ಮಿಗಳು ಬಹಳ ಹಿಂದೆಯೇ ಆಳವಾಗಿ ಬಲ್ಲವರಾಗಿದ್ದರು. ಸುರಪುರದ ಸಾಂಪ್ರದಾಯಿಕ ಚಿತ್ರಕಲೆಯೂ ಇಂದಿನ ವಾಸ್ತವ ಶೈಲಿಯ ತೈಲಚಿತ್ರವೂ ಹೊರನೋಟಕ್ಕೆ ಎಷ್ಟೇ ಭಿನ್ನವಾಗಿದ್ದರೂ, ಹರಳಿನ ವಿಷಯದಲ್ಲಿ ಅವೆರಡೂ ಒಂದೇ ನಿಯಮವನ್ನು ಅನುಸರಿಸುತ್ತವೆ ಎಂಬುದನ್ನು ತೋರಿಸುವುದು ಈ ಭಾಷಣದ ಉದ್ದೇಶ.

ಮೊದಲು ಹರಳಿನ ಗುಣವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಬೆಳಕು ಗಾಳಿಯಿಂದ ಬೇರೊಂದು ಪಾರದರ್ಶಕ ವಸ್ತುವಿನೊಳಕ್ಕೆ ಓರೆಯಾಗಿ ಹೋಗುವಾಗ ತನ್ನ ವೇಗವನ್ನು ತಗ್ಗಿಸಿಕೊಂಡು ಬಾಗುತ್ತದೆ. ಈ ಬಾಗುವಿಕೆಯನ್ನು ಅಳೆಯುವ ಸಂಖ್ಯೆಗೆ ವಕ್ರೀಭವನಾಂಕವೆಂದು ಹೆಸರು. ಸಾಮಾನ್ಯ ಗಾಜಿಗೆ ಅದು ಸುಮಾರು 1.5, ಸ್ಫಟಿಕಕ್ಕೆ 1.54ರಿಂದ 1.55, ಪಚ್ಚೆಗೆ ಸುಮಾರು 1.58, ಮಾಣಿಕ್ಯ ಮತ್ತು ನೀಲಗಳಿಗೆ 1.76ರಿಂದ 1.77, ವಜ್ರಕ್ಕೆ 2.42. ಈ ಅಂಕ ಹೆಚ್ಚಿದಷ್ಟೂ ಒಳಹೊಕ್ಕ ಬೆಳಕು ಹೊರಬರುವುದು ಕಷ್ಟವಾಗುತ್ತದೆ. ವಜ್ರದೊಳಗಿನ ಕಿರಣವು ಒಂದು ಮುಖವನ್ನು ತಾಗುವಾಗ, ಆ ಮುಖಕ್ಕೆ ನೆಟ್ಟಗೆ ನಿಲ್ಲಿಸಿದ ಗೆರೆಯಿಂದ ಸುಮಾರು 24 ಡಿಗ್ರಿಗಿಂತ ಹೆಚ್ಚು ಓರೆಯಾಗಿದ್ದರೆ ಅದು ಹೊರಗೆ ದಾಟದೆ ಮತ್ತೆ ಒಳಕ್ಕೇ ತಿರುಗುತ್ತದೆ. ಗಾಜಿನಲ್ಲಿ ಈ ಮಿತಿ ಸುಮಾರು 41 ಡಿಗ್ರಿಯಾದ್ದರಿಂದ ಬೆಳಕು ಅಲ್ಲಿಂದ ಸುಲಭವಾಗಿ ಪಾರಾಗಿಬಿಡುತ್ತದೆ. ಗಾಜಿನ ಚೂರನ್ನು ವಜ್ರದ ಆಕಾರಕ್ಕೇ ಸಾಣೆ ಹಿಡಿದರೂ ಅದು ಮಂಕಾಗಿ ಕಾಣುವುದಕ್ಕೆ ಇದೇ ಕಾರಣ. ಹರಳಿನ ಬಣ್ಣವಾದರೋ ಬಹಳ ಸಲ ಅದರಲ್ಲಿ ಬೆರೆತ ಅತ್ಯಲ್ಪ ಪ್ರಮಾಣದ ಲೋಹದಿಂದ ಬಂದುದು: ಮಾಣಿಕ್ಯದ ಕೆಂಪು ಕ್ರೋಮಿಯಮ್‌ನಿಂದ, ನೀಲದ ನೀಲಿ ಕಬ್ಬಿಣ ಮತ್ತು ಟೈಟಾನಿಯಮ್‌ಗಳಿಂದ. ಪಚ್ಚೆಯ ಹಸಿರಿಗೂ ಮುಖ್ಯವಾಗಿ ಅದೇ ಕ್ರೋಮಿಯಮ್ ಕಾರಣವೆಂಬುದು, ಒಂದೇ ಲೋಹ ಆಶ್ರಯಿಸಿದ ಕಲ್ಲಿಗೆ ತಕ್ಕಂತೆ ಎದುರುಬದುರು ಬಣ್ಣಗಳನ್ನು ಕೊಡಬಲ್ಲದೆಂಬುದಕ್ಕೆ ನಿದರ್ಶನವಾಗಿದೆ.

ಪತ್ತಾರರು, ಅಂದರೆ ಈ ಭಾಗದ ಅಕ್ಕಸಾಲಿಗರು, ಈ ಅಂಕಿಗಳನ್ನು ಅಳೆದವರಲ್ಲವಾದರೂ ಅವುಗಳ ಪರಿಣಾಮವನ್ನು ಕೈಯಿಂದಲೇ ತಿಳಿದಿದ್ದರು. ಯುರೋಪಿನಲ್ಲಿ ಬೆಳೆದ ಪದ್ಧತಿಯಂತೆ ದುಂಡು ವಜ್ರಕ್ಕೆ 57 ಅಥವಾ 58 ಮುಖಗಳನ್ನು ಕೊರೆದು, ಬೆಳಕು ಕೆಳಗಿನಿಂದ ಸೋರದಂತೆ ಆಕಾರದಿಂದಲೇ ತಡೆಯಲಾಗುತ್ತದೆ. ಇಲ್ಲಿನ ಹಳೆಯ ಒಡವೆಗಳಲ್ಲಿ ಹರಳುಗಳು ಚಪ್ಪಟೆಯಾಗಿಯೋ, ಮುಖಗಳಿಲ್ಲದ ಗುಂಡು ಹರಳುಗಳಾಗಿಯೋ ಇದ್ದು, ಕಲ್ಲಿನ ತೂಕವನ್ನು ಕಳೆಯಲು ಕುಶಲಕರ್ಮಿ ಇಷ್ಟಪಡುತ್ತಿರಲಿಲ್ಲ. ಅದಕ್ಕೆ ಬದಲಾಗಿ ಹರಳಿನ ಕೆಳಗೆ ಹೊಳೆಯುವ ತೆಳು ತಗಡನ್ನಿಟ್ಟು, ಸುತ್ತಲೂ ಅಪರಂಜಿಯ ಎಳೆಯನ್ನು ಒತ್ತಿ ಹರಳನ್ನು ಬಿಗಿಯುತ್ತಿದ್ದನು. ಕುಂದಣವೆಂದು ಕರೆಯುವ ಈ ಕೆಲಸದಲ್ಲಿ ಹರಳಿನೊಳಕ್ಕೆ ಇಳಿದ ಬೆಳಕು ಕೆಳಗಿನ ತಗಡಿಗೆ ಬಡಿದು, ಹರಳಿನ ಬಣ್ಣವನ್ನು ಎರಡನೆಯ ಬಾರಿ ಹಾಯ್ದು ಮೇಲಕ್ಕೆ ಬರುತ್ತದೆ. ಹರಳು ತಾನೇ ದೀಪವಾದಂತೆ ಉರಿಯುವುದು ಈ ಎರಡು ಬಾರಿಯ ಹಾದಿಯಿಂದ. ಸುರಪುರ ತಾಲೂಕಿನ ದೇವರಗೋನಾಲದಲ್ಲಿ ಹುಟ್ಟಿ, ಕೃಷ್ಣೆಯ ದಡದ ತಿಂಥಣಿಯಲ್ಲಿ ನೆಲೆಗೊಂಡ ಮೌನೇಶ್ವರರನ್ನು ಪತ್ತಾರರೂ ಬಡಿಗೇರರೂ ಕಂಬಾರರೂ ಇಂದಿಗೂ ತಮ್ಮ ಗುರುವೆಂದು ಪೂಜಿಸುತ್ತಿರುವುದನ್ನು ನೆನೆದರೆ, ಕೈಕೆಲಸದ ಗೌರವ ಈ ನೆಲದಲ್ಲಿ ಎಷ್ಟು ಆಳವಾಗಿ ಬೇರುಬಿಟ್ಟಿದೆ ಎಂಬುದು ತಿಳಿಯುತ್ತದೆ.

ಇನ್ನು ಚಿತ್ರಕ್ಕೆ ಬಂದರೆ, 1705ರಲ್ಲಿ ಔರಂಗಜೇಬನ ಸೈನ್ಯ ಬೇಡ ನಾಯಕರ ವಾಗಣಗೇರಿಯ ಕೋಟೆಯನ್ನು ಹಿಡಿದ ಮೇಲೆ ಸುರಪುರವು ಅವರ ರಾಜಧಾನಿಯಾಗಿ ಬೆಳೆಯಿತು. ಬೆಟ್ಟಗಳ ನಡುವಿನ ಈ ಊರಿನಲ್ಲಿ ವೇಣುಗೋಪಾಲಸ್ವಾಮಿಯ ದೇವಾಲಯದ ಸುತ್ತ ಹಬ್ಬಿದ ಭಕ್ತಿಯೂ, ಅರಮನೆಯ ಆಶ್ರಯವೂ ಕೂಡಿ ಒಂದು ವಿಶಿಷ್ಟ ಚಿತ್ರಶೈಲಿಗೆ ಆಸರೆಯಾದವು. ದಖ್ಖನಿನ ಚಿತ್ರಕಲೆಯ ಅಧ್ಯಯನಗಳಲ್ಲಿ ಇದನ್ನು ಶೋರಾಪುರ ಶೈಲಿಯೆಂದು ಕರೆಯುತ್ತಾರೆ. ಶೋರಾಪುರವೆಂಬುದು ನಿಜಾಮನ ಮತ್ತು ಇಂಗ್ಲಿಷರ ಕಾಗದಪತ್ರಗಳಲ್ಲಿ ಈ ಊರಿಗಿದ್ದ ಹೆಸರು. ಗರುಡಾದ್ರಿ ಮನೆತನದ ಕಲಾವಿದರು ಈ ಶೈಲಿಯನ್ನು ಬೆಳೆಸಿದವರಲ್ಲಿ ಹೆಸರಾದವರು. ಕೂದಲೆಳೆಯಂತಹ ಸೂಕ್ಷ್ಮ ರೇಖೆ, ವೈಷ್ಣವ ದೇವತೆಗಳ ಮೂರ್ತಿಗಳು, ಒಡವೆ ಕಿರೀಟಗಳಲ್ಲಿ ಬಂಗಾರದ ಬಳಕೆ ಈ ಚಿತ್ರಗಳ ಮುಖ್ಯ ಲಕ್ಷಣಗಳು. ಒಂದು ಕಡೆ ವಿಜಾಪುರ, ಹೈದರಾಬಾದುಗಳ ದಖ್ಖನಿ ಚಿತ್ರಗಳೂ, ಇನ್ನೊಂದು ಕಡೆ ಮೈಸೂರು, ತಂಜಾವೂರುಗಳ ದೇವತಾಚಿತ್ರಗಳೂ ಇದ್ದು, ಸುರಪುರದ ಕಲಾವಿದರು ಎರಡನ್ನೂ ಬಲ್ಲವರಂತೆ ತಮ್ಮದೇ ಆದ ಒಂದು ಮಧ್ಯದ ಹಾದಿಯನ್ನು ಕಟ್ಟಿಕೊಂಡರು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನು ಇಂಗ್ಲಿಷರ ವಿರುದ್ಧ ಎದ್ದು ಮಡಿದ ನಂತರ ಸಂಸ್ಥಾನವು ಅಳಿದು, 1860ರ ಒಪ್ಪಂದದಿಂದ ಸುರಪುರ ಹೈದರಾಬಾದಿನ ನಿಜಾಮನ ಕೈಸೇರಿತು. ಅದರೊಂದಿಗೆ ಚಿತ್ರಕಾರರಿಗಿದ್ದ ದೊಡ್ಡ ಆಶ್ರಯವೂ ತಪ್ಪಿತು. ಮುಂದೆ ಬಹುಕಾಲ ಬಡವಾಗಿದ್ದ ಈ ಶೈಲಿಯನ್ನು ಮತ್ತೆ ಬಳಕೆಗೆ ತರಲು ನಮ್ಮ ಕಾಲದಲ್ಲಿ ಕಲಬುರಗಿಯ ವಿಜಯ ಹಾಗರಗುಂಡಗಿಯವರು ನಡೆಸಿದ ಪ್ರಯತ್ನ ಅತ್ಯಂತ ಗೌರವಾರ್ಹವಾದುದು.

ಸಾಂಪ್ರದಾಯಿಕ ಚಿತ್ರಕಾರರು ಹರಳನ್ನು ತೋರಿಸಲು ದೇಶದ ಬೇರೆ ಬೇರೆ ಕಡೆ ಕಂಡುಕೊಂಡ ಉಪಾಯಗಳು ಗಮನಿಸತಕ್ಕವು. ತಂಜಾವೂರಿನವರು ಸುಣ್ಣಕಲ್ಲಿನ ಪುಡಿಯನ್ನು ಅಂಟಿನೊಂದಿಗೆ ಕಲಸಿ ಎತ್ತರದ ಉಬ್ಬು ಮಾಡಿ, ಅದರಲ್ಲಿ ನಿಜವಾದ ಹರಳನ್ನೋ ಗಾಜಿನ ಹರಳನ್ನೋ ಕೂರಿಸಿ, ಸುತ್ತಲೂ ಬಂಗಾರದ ರೇಕು ಹೊದಿಸಿದರು. ಮೈಸೂರಿನವರು ಹರಳು ಕೂರಿಸದೆ, ಸಫೇದದ ಪುಡಿಯಿಂದ ತೀರ ತೆಳುವಾದ ಉಬ್ಬುಗೆಲಸ ಮಾಡಿ, ಅದಕ್ಕೆ ಬಂಗಾರದ ರೇಕು ಹಚ್ಚಿ, ಅದರ ಮೇಲೆ ಬಣ್ಣದ ಬೊಟ್ಟುಗಳಿಂದ ಹರಳನ್ನು ಸೂಚಿಸಿದರು. ಹಿಮಾಲಯದ ತಪ್ಪಲಿನ ಬಸೋಹ್ಲಿಯ ಚಿತ್ರಕಾರರಂತೂ ಹದಿನೇಳನೆಯ ಶತಮಾನದ ಕೊನೆಯಲ್ಲಿ ಹಸಿರು ಜೀರುಂಡೆಯ ರೆಕ್ಕೆಯ ಕವಚವನ್ನು ಸಣ್ಣಗೆ ಕತ್ತರಿಸಿ ಅಂಟಿಸಿ ಪಚ್ಚೆಯ ಹೊಳಪನ್ನು ತಂದರು. ದಖ್ಖನಿ ಚಿತ್ರಗಳಲ್ಲಿ ಮುತ್ತಿನ ಜಾಗದಲ್ಲಿ ಬಿಳಿಯ ಬಣ್ಣವನ್ನು ಬೊಟ್ಟುಬೊಟ್ಟಾಗಿ ಉಬ್ಬಿಸಿ ಇಡುವುದುಂಟು. ಬೆರಳಾಡಿಸಿದರೆ ಕೈಗೆ ತಾಗುವ ಆ ಬೊಟ್ಟು, ಕೋಣೆಯ ಬೆಳಕನ್ನು ತಾನೇ ಹಿಡಿದು ಮುತ್ತಿನಂತೆ ಮಿನುಗುತ್ತದೆ. ಇವೆಲ್ಲವುಗಳಲ್ಲಿ ಹೊಳಪು ನಿಜವಾದ ಹೊಳಪೇ: ಚಿತ್ರದ ಮುಂದೆ ದೀಪ ಹಿಡಿದರೆ ಬಂಗಾರ ಹೊಳೆಯುತ್ತದೆ, ದೀಪ ಸರಿಸಿದರೆ ಹೊಳಪೂ ಸರಿಯುತ್ತದೆ. ದೇವರ ಕೋಣೆಯ ನಂದಾದೀಪದ ಬೆಳಕಿನಲ್ಲಿ ನೋಡಲೆಂದೇ ಮಾಡಿದ ಚಿತ್ರಕ್ಕೆ ಇದಕ್ಕಿಂತ ತಕ್ಕ ವಿಧಾನ ಬೇರೆಯಿಲ್ಲ.

ಚಿತ್ರವನ್ನೂ ರತ್ನವನ್ನೂ ಒಂದೇ ಗ್ರಂಥದಲ್ಲಿ ವಿವೇಚಿಸಿದ ಅರಸನೊಬ್ಬ ಈ ಸೀಮೆಯನ್ನಾಳಿದವನೆಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಬೊಕ್ಕಸದ ರತ್ನಗಳನ್ನು ಪರೀಕ್ಷಿಸುವ ಬಗೆಯೂ ಇದೆ, ಗೋಡೆಯನ್ನು ಚಿತ್ರಕ್ಕೆ ಸಿದ್ಧಪಡಿಸುವ, ಎಮ್ಮೆಯ ಚರ್ಮವನ್ನು ಕುದಿಸಿ ವಜ್ರಲೇಪವೆಂಬ ಅಂಟನ್ನು ತಯಾರಿಸುವ, ಬಣ್ಣ ಬೆರೆಸುವ ಬಗೆಯೂ ಇದೆ. ಆ ಗ್ರಂಥವು ಚಿತ್ರಗಳಲ್ಲಿ ಹಲವು ಭೇದಗಳನ್ನು ಹೇಳುತ್ತ, ಕನ್ನಡಿಯಲ್ಲಿ ಕಂಡ ಬಿಂಬದಂತೆ ವಸ್ತುವನ್ನು ಇದ್ದ ಹಾಗೆ ತೋರಿಸುವ ಚಿತ್ರಕ್ಕೆ ವಿದ್ಧಚಿತ್ರವೆಂದು ಹೆಸರಿಡುತ್ತದೆ. ವಾಸ್ತವ ಶೈಲಿಯೆಂಬುದು ಹೊರಗಿನಿಂದ ಬಂದ ಕಲ್ಪನೆಯೆಂದೂ, ನಮ್ಮಲ್ಲಿ ಇದ್ದುದು ಕಲ್ಪನಾಪ್ರಧಾನವಾದ ಚಿತ್ರ ಮಾತ್ರವೆಂದೂ ಹೇಳುವವರು ಈ ಮಾತನ್ನು ಮರೆಯುತ್ತಾರೆ. ವಿದ್ಧಚಿತ್ರದ ಆದರ್ಶವನ್ನು ಹರಳಿಗೆ ಅನ್ವಯಿಸಿ ಪೂರ್ಣವಾಗಿ ಸಾಧಿಸಲು ಬೇಕಾದ ಸಾಮಗ್ರಿಯಾದ ತೈಲವರ್ಣ ಮಾತ್ರ ನಮ್ಮಲ್ಲಿ ತಡವಾಗಿ ಬಳಕೆಗೆ ಬಂತು.

ತೈಲವರ್ಣವೆಂದರೆ ಬಣ್ಣದ ಪುಡಿಯನ್ನು ಒಣಗುವ ಎಣ್ಣೆಯಲ್ಲಿ, ಸಾಮಾನ್ಯವಾಗಿ ಅಗಸೆ ಎಣ್ಣೆಯಲ್ಲಿ, ಅರೆದು ಮಾಡಿದ ಬಣ್ಣ. ಹಿಂಗಾರಿನಲ್ಲಿ ಬೆಳೆದು ರೊಟ್ಟಿಯ ಜೊತೆಗೆ ಹಿಂಡಿಯಾಗಿ ತಿನ್ನುವ ಅದೇ ಅಗಸೆಯ ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾದ ಪಾರದರ್ಶಕ ಪೊರೆಯಾಗುತ್ತದೆ. ನೀರಿನಂತೆ ಆರಿಹೋಗದೆ ಪೊರೆಯಾಗಿ ಉಳಿಯುವ ಈ ಗುಣದಿಂದಲೇ ತೈಲವರ್ಣಕ್ಕೆ ಒಂದು ವಿಶೇಷ ಶಕ್ತಿ ಬಂದಿದೆ. ಬಿಳಿಯ ತಳದ ಮೇಲೆ ತೀರ ತೆಳುವಾಗಿ, ಒಳಗಿನದು ಕಾಣುವಂತೆ ಬಣ್ಣದ ಪೊರೆಯನ್ನು ಹಚ್ಚಿ, ಅದು ಒಣಗಿದ ಮೇಲೆ ಮತ್ತೊಂದು ಪೊರೆಯನ್ನು ಹಚ್ಚುತ್ತ ಹೋಗುವ ವಿಧಾನಕ್ಕೆ ಚಿತ್ರಕಾರರು ಗ್ಲೇಜಿಂಗ್ ಎನ್ನುತ್ತಾರೆ. ಬೆಳಕು ಈ ಪೊರೆಗಳನ್ನು ಹಾಯ್ದು ಬಿಳಿಯ ತಳಕ್ಕೆ ತಾಗಿ, ಅದೇ ಪೊರೆಗಳನ್ನು ಮತ್ತೆ ಹಾಯ್ದು ಕಣ್ಣಿಗೆ ಬರುತ್ತದೆ. ಆದ್ದರಿಂದ ಕೆಂಪು ಬಣ್ಣವನ್ನು ದಪ್ಪವಾಗಿ ಬಳಿದಾಗ ಬಾರದ ಆಳ, ತೆಳು ಪೊರೆಗಳಿಂದ ಬರುತ್ತದೆ. ಪತ್ತಾರನು ಹರಳಿನ ಕೆಳಗೆ ತಗಡನ್ನಿಟ್ಟುದು, ಮೈಸೂರಿನ ಚಿತ್ರಕಾರನು ಬಣ್ಣದ ಬೊಟ್ಟಿನ ಕೆಳಗೆ ಬಂಗಾರದ ರೇಕನ್ನಿಟ್ಟುದು, ತೈಲಚಿತ್ರಕಾರನು ಪೊರೆಯ ಕೆಳಗೆ ಬಿಳಿಯ ತಳವನ್ನು ಉಳಿಸಿಕೊಂಡುದು, ಈ ಮೂರೂ ಒಂದೇ ನಿಯಮದ ಪ್ರಯೋಗಗಳು. ಸುರಪುರದ ಬಂಗಾರವನ್ನು ಬಲ್ಲ ಕೈಗೆ ತೈಲವರ್ಣದ ಹರಳು ಪರಕೀಯವಲ್ಲವೆಂದು ಹೇಳುವುದಕ್ಕೆ ಆಧಾರ ಇಲ್ಲಿದೆ.

ಯುರೋಪಿನಲ್ಲೂ ಬಂಗಾರದಿಂದ ಬಣ್ಣಕ್ಕೆ ದಾಟುವ ಇಂಥದೊಂದು ಸಂಧಿಕಾಲವಿತ್ತು. ಇಟಲಿಯ ವಿದ್ವಾಂಸ ಆಲ್ಬೆರ್ತಿ 1435ರಲ್ಲಿ ಬರೆದ ಚಿತ್ರಕಲೆಯ ಗ್ರಂಥದಲ್ಲಿ, ಬಂಗಾರದ ವಸ್ತುವನ್ನು ಬಂಗಾರದ ರೇಕಿನಿಂದ ತೋರಿಸುವುದಕ್ಕಿಂತ ಬಣ್ಣಗಳಿಂದಲೇ ತೋರಿಸುವ ಚಿತ್ರಕಾರನಿಗೆ ಹೆಚ್ಚಿನ ಮೆಚ್ಚುಗೆ ಸಲ್ಲಬೇಕೆಂದು ವಾದಿಸಿದನು. ಅದಕ್ಕೆ ಮೂರು ವರ್ಷಗಳ ಹಿಂದೆಯೇ, 1432ರಲ್ಲಿ, ಗೆಂಟ್ ನಗರದ ಇಗರ್ಜಿಗಾಗಿ ಯಾನ್ ವಾನ್ ಐಕ್ ಮುಗಿಸಿಕೊಟ್ಟ ದೊಡ್ಡ ಚಿತ್ರಮಾಲೆಯಲ್ಲಿ ಕಿರೀಟ, ಅಂಚು, ಪದಕಗಳ ಹರಳುಗಳು ತೈಲವರ್ಣದ ತೆಳು ಪೊರೆಗಳಿಂದಲೇ ಜೀವ ತಳೆದಿದ್ದವು. ಅಲ್ಲಿನ ಹರಳನ್ನು ಹತ್ತಿರದಿಂದ ನೋಡಿದರೆ ಕೆಲವು ಗಾಢ ಕಲೆಗಳೂ ಒಂದು ಬಿಳಿಯ ಚುಕ್ಕೆಯೂ ಮಾತ್ರ ಕಾಣುತ್ತವೆ. ಎರಡು ಹೆಜ್ಜೆ ಹಿಂದೆ ಸರಿದರೆ ಅವೇ ಕೂಡಿ ಹರಳಾಗುತ್ತವೆ. ಹಾಲೆಂಡಿನ ವರ್ಮೀರ್ ಸುಮಾರು 1665ರಲ್ಲಿ ಬರೆದ, ಮುತ್ತಿನ ಓಲೆ ತೊಟ್ಟ ಹುಡುಗಿಯ ಚಿತ್ರವನ್ನು ಅದನ್ನು ಕಾಪಾಡುತ್ತಿರುವ ಸಂಗ್ರಹಾಲಯದವರು ಇತ್ತೀಚೆಗೆ ಯಂತ್ರಗಳಿಂದ ಪರೀಕ್ಷಿಸಿದಾಗ, ಆ ಮುತ್ತಿಗೆ ಸುತ್ತುಗೆರೆಯಾಗಲಿ, ಕಿವಿಗೆ ಸಿಕ್ಕಿಸುವ ಕೊಂಡಿಯಾಗಲಿ ಇಲ್ಲವೆಂಬುದು ಸ್ಪಷ್ಟವಾಯಿತು. ಮೇಲೊಂದು ದಪ್ಪ ಬಿಳಿಯ ಹಚ್ಚುವಿಕೆ, ಕೆಳಗೊಂದು ಮಸುಕಾದ ಹಚ್ಚುವಿಕೆ, ಇಷ್ಟರಲ್ಲೇ ಮುತ್ತು ಮುಗಿದಿದೆ.

ಹರಳನ್ನು ಎದುರಿಗಿಟ್ಟುಕೊಂಡು ಬರೆಯುವವರಿಗೆ ಎದುರಾಗುವ ಸಮಸ್ಯೆಗಳು ಒಂದೊಂದು ಜಾತಿಗೂ ಬೇರೆ. ಗುಂಡು ಮಾಣಿಕ್ಯದಲ್ಲಿ ಕಿಟಕಿಯ ಬೆಳಕು ಬೀಳುವ ಪಕ್ಕದಲ್ಲಿ ಚಿಕ್ಕದಾದ ಬಿಳಿಯ ಮಿಂಚು ಕಾಣುತ್ತದೆಯಾದರೂ, ಅದರ ಸುತ್ತಲಿನ ಭಾಗ ಗಾಢವಾಗಿಯೇ ಇದ್ದು, ಕೆಂಪಿನ ನಿಜವಾದ ಉಜ್ವಲತೆ ಬೆಳಕು ಬೀಳುವ ಪಕ್ಕಕ್ಕೆ ವಿರುದ್ಧವಾದ ಪಕ್ಕದಲ್ಲಿ, ಅಂದರೆ ನಿಂಬೆಹಣ್ಣಿನಲ್ಲಾದರೆ ನೆರಳಿರಬೇಕಾಗಿದ್ದ ಜಾಗದಲ್ಲಿ, ಹೊತ್ತಿಕೊಂಡಿರುತ್ತದೆ. ಮಿಂಚಿನ ಚುಕ್ಕೆಗೆ ಹರಳಿನ ಬಣ್ಣವಿಲ್ಲ, ಅದು ಕಿಟಕಿಯ ಬಣ್ಣ. ಹೊಸಬರು ಅದನ್ನು ತೆಳುಗೆಂಪಾಗಿ ಬರೆದು ಮಾಣಿಕ್ಯವನ್ನು ಮೇಣದ ಉಂಡೆಯಾಗಿಸಿಬಿಡುತ್ತಾರೆ. ಹರಳಿನ ನೆರಳೂ ವಿಚಿತ್ರ: ಕಲ್ಲುಬಂಡೆಯ ನೆರಳು ನಡುವೆ ಹೆಚ್ಚು ಕಪ್ಪಾಗಿದ್ದರೆ, ಪಾರದರ್ಶಕ ಹರಳು ತನ್ನ ನೆರಳಿನ ನಡುವೆಯೇ ಬಣ್ಣದ ಬೆಳಕಿನ ಒಂದು ತುಣುಕನ್ನು ಚೆಲ್ಲಿರುತ್ತದೆ. ಚಿತ್ರದಲ್ಲಿ ಹರಳು ಗಾಜಿನಂತಲ್ಲದೆ ಹರಳಿನಂತೆ ಕಾಣುವುದು ಬಹಳ ಸಲ ಈ ತುಣುಕಿನಿಂದ. ಪಚ್ಚೆಯ ಒಳಗೆ ಸಾಮಾನ್ಯವಾಗಿ ಬಿರುಕುಗಳೂ ಮಸುಕಿನ ಎಳೆಗಳೂ ಇರುವುದರಿಂದ ಅದರ ಹಸಿರನ್ನು ತೊಳೆದಂತೆ ಶುಭ್ರವಾಗಿ ಬರೆದರೆ ಸುಳ್ಳಾಗುತ್ತದೆ. ವಜ್ರಕ್ಕೆ ತನ್ನದೇ ಬಣ್ಣವಿಲ್ಲದ್ದರಿಂದ ಅದನ್ನು ಬರೆಯುವುದೆಂದರೆ ಬಹುಮಟ್ಟಿಗೆ ಬೂದು ಬಣ್ಣಗಳ ಹತ್ತಾರು ಛಾಯೆಗಳನ್ನು ಅಚ್ಚುಕಟ್ಟಾದ ಅಂಚುಗಳೊಳಗೆ ಹೊಂದಿಸುವುದು. ಪಕ್ಕಪಕ್ಕದ ಎರಡು ಮುಖಗಳಲ್ಲಿ ಒಂದು ಅಚ್ಚಬಿಳಿಯಾಗಿದ್ದರೆ ಮತ್ತೊಂದು ಕಡುಗಪ್ಪಾಗಿರುವುದುಂಟು, ಅಲ್ಲಲ್ಲಿ ಬೆಳಕು ಸಪ್ತವರ್ಣಗಳಾಗಿ ಒಡೆದ ಕಿಡಿಗಳುಂಟು. ಆ ಕಪ್ಪನ್ನು ಧೈರ್ಯವಾಗಿ ಇಡಲಾರದವರ ಕೈಯಲ್ಲಿ ವಜ್ರ ಬೆಳಗುವುದಿಲ್ಲ. ತೈಲಚಿತ್ರದ ಬಿಳಿ ಕಾಗದದ ಬಿಳಿಗಿಂತ ಹೆಚ್ಚು ಹೊಳೆಯಲಾರದು, ಹರಳಿನ ಮಿಂಚಾದರೋ ಅದಕ್ಕಿಂತ ಎಷ್ಟೋ ಪಾಲು ಪ್ರಖರ. ಈ ಕೊರತೆಯನ್ನು ಸುತ್ತಲಿನ ಕತ್ತಲೆಯಿಂದಲೇ ತುಂಬಿಕೊಡಬೇಕು.

ಕನ್ನಡ ನಾಡಿನಲ್ಲಿರುವ ವಾಸ್ತವ ಶೈಲಿಯ ತೈಲಚಿತ್ರಗಳಲ್ಲಿ ಹರಳು ಬಂದಿಲ್ಲವೆಂದಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮನ ಚಿತ್ರಗಳಲ್ಲಿ ಮೂಗುತಿ, ಓಲೆ, ಕಂಠಿಗಳನ್ನು ನೋಡಿದವರು ಒಂದೇ ಕುಂಚದ ತಾಗುವಿಕೆಯಿಂದ ಹರಳು ಹೊಳೆಯುವ ಬಗೆಯನ್ನು ಅಲ್ಲಿ ಕಲಿಯಬಹುದು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಚಲನಚಿತ್ರಗಳ ಭಿತ್ತಿಪತ್ರಗಳಿಂದ ಹೆಸರಾದ ಎಸ್. ಎಂ. ಪಂಡಿತರು ಪುರಾಣದ ದೇವದೇವಿಯರನ್ನು ಮಾಂಸಲವಾದ ದೇಹಗಳೊಂದಿಗೆ, ಭಾರವಾದ ಕಿರೀಟ ಕುಂಡಲಗಳೊಂದಿಗೆ ಬರೆದರು. ಕಲಬುರಗಿಯ ರಂಗಮಂದಿರ ಇಂದು ಅವರ ಹೆಸರನ್ನು ಹೊತ್ತಿದೆ. ಅದೇ ಊರಿನ ಜೆ. ಎಸ್. ಖಂಡೇರಾವ್ ಅವರ ವಾಸ್ತವ ಶೈಲಿಯ ಚಿತ್ರಗಳು ಈ ಭಾಗದ ಹೊಸ ತಲೆಮಾರಿನ ಕಲಾವಿದರಿಗೆ ಮಾದರಿಯಾದವು. ಆದರೆ ಇವರ ಚಿತ್ರಗಳಲ್ಲಿ ಹರಳು ಬಂದಾಗಲೆಲ್ಲ ಅದು ಒಬ್ಬ ವ್ಯಕ್ತಿಯ ಮೈಮೇಲಿನ ಒಡವೆಯಾಗಿ ಬಂತು, ಚಿತ್ರದ ನಾಯಕನಾಗಿ ಬರಲಿಲ್ಲ. ಹರಳೊಂದನ್ನೇ ನಡುವೆ ಇರಿಸಿ, ಒಡತಿಯ ಕಥೆಯನ್ನೂ ಬೆಲೆಯನ್ನೂ ಬದಿಗಿಟ್ಟು ನೋಡುವ ಚಿತ್ರ ಬೇರೆಯೇ ಆದ ಏಕಾಗ್ರತೆಯನ್ನು ಬೇಡುತ್ತದೆ. ಅಂಥ ಚಿತ್ರಕ್ಕೆ ಇಲ್ಲಿ ಇನ್ನೂ ಹೊಲ ಖಾಲಿಯಿದೆ.

ವಿಷಯಕ್ಕಂತೂ ಈ ಸೀಮೆಯಲ್ಲಿ ಬರಗಾಲವಿಲ್ಲ. ನಾರಾಯಣಪುರದ ಅಣೆಕಟ್ಟನ್ನು ದಾಟಿ ಸುರಪುರ, ಶಹಾಪುರಗಳ ದಕ್ಷಿಣಕ್ಕೆ ಹರಿಯುವ ಅದೇ ಕೃಷ್ಣೆ ಕೆಳಗೆ ಗುಂಟೂರು ಸೀಮೆಯ ಕೊಲ್ಲೂರಿನ ಬಳಿ ತನ್ನ ದಡದ ಜಲ್ಲಿಯಲ್ಲಿ, ಹದಿನೇಳನೆಯ ಶತಮಾನದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ ಕಂಡು ಬರೆದಿಟ್ಟ ಪ್ರಸಿದ್ಧ ವಜ್ರದ ಗಣಿಗಳನ್ನು ಹೊಂದಿತ್ತು. ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯ ಉತ್ಖನನದಲ್ಲಿ ಅಗೇಟು, ಕೆಂಪು ಕಾರ್ನೀಲಿಯನ್ ಮುಂತಾದ ಕಲ್ಲುಗಳ ಮಣಿಗಳು ದೊರೆತಿದ್ದು, ಬಣ್ಣದ ಕಲ್ಲನ್ನು ಆರಿಸಿ, ಉಜ್ಜಿ, ತೂತು ಕೊರೆಯುವ ಕಸುಬು ಇಲ್ಲಿ ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿಯಾಗಿವೆ. ಸುರಪುರವನ್ನು ಆಳಿದ ನಿಜಾಮರ ಒಡವೆಗಳಲ್ಲಿ 173ನ್ನು ಭಾರತ ಸರ್ಕಾರವು 1995ರಲ್ಲಿ ಸುಮಾರು 218 ಕೋಟಿ ರೂಪಾಯಿಗೆ ಕೊಂಡುಕೊಂಡಿತು, 184.75 ಕ್ಯಾರಟ್ ತೂಕದ ಜೇಕಬ್ ವಜ್ರವೂ ಕುಂದಣದ ಅನೇಕ ಹಾರ, ಪದಕಗಳೂ ಅದರಲ್ಲಿ ಸೇರಿವೆ. ದುಬಾರಿ ರತ್ನ ಸಿಗದಿದ್ದರೂ ಚಿಂತೆಯಿಲ್ಲ: ಯಾದಗಿರಿ ಮತ್ತು ಶಹಾಪುರದ ಬೆಟ್ಟಗಳ ಗ್ರಾನೈಟಿನಲ್ಲೇ ಬಿಳಿಯ ಸ್ಫಟಿಕವೂ ನಸುಗೆಂಪು ಫೆಲ್ಡ್‌ಸ್ಪಾರವೂ ಹರಳುಗಟ್ಟಿವೆ. ಬೆಳಕಿನ ಪಾಠವನ್ನು ಕಲಿಸುವ ವಿಷಯದಲ್ಲಿ ದಾರಿಯಲ್ಲಿ ಸಿಕ್ಕ ಒಂದು ಸ್ಫಟಿಕದ ತುಂಡು ಜೇಕಬ್ ವಜ್ರಕ್ಕಿಂತ ಕಡಿಮೆಯದಲ್ಲ.

ಛಾಯಾಚಿತ್ರವಿರುವಾಗ ಇಂಥ ಚಿತ್ರವೇಕೆಂಬ ಪ್ರಶ್ನೆ ಏಳುವುದು ಸಹಜ. ಕ್ಯಾಮೆರಾ ಒಂದು ಕ್ಷಣದ, ಒಂದು ಕೋನದ ಹೊಳಪನ್ನು ಹಿಡಿಯುತ್ತದೆ. ಹರಳಿನ ತೀರ ಪ್ರಖರವಾದ ಭಾಗಗಳು ಅದರಲ್ಲಿ ಬರಿಯ ಬಿಳಿಯಾಗಿ, ಗಾಢವಾದವು ಬರಿಯ ಕಪ್ಪಾಗಿ ಮುಚ್ಚಿಹೋಗುವುದೂ ಉಂಟು. ದಿನಗಟ್ಟಲೆ ಎದುರಿಗೆ ಕುಳಿತ ಚಿತ್ರಕಾರನು ಎರಡು ಕಣ್ಣುಗಳಿಂದ, ತಲೆಯನ್ನು ಅತ್ತಿತ್ತ ಸರಿಸುತ್ತ ಕಂಡ ಹಲವು ಹೊಳಪುಗಳಲ್ಲಿ ಯಾವುದು ಉಳಿಯಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುತ್ತಾನೆ. ಈ ನಿರ್ಧಾರಗಳ ಮೊತ್ತವೇ ಚಿತ್ರ. ಅದಿಲ್ಲದೆ ಛಾಯಾಚಿತ್ರವನ್ನು ಚೌಕ ಚೌಕವಾಗಿ ನಕಲು ಮಾಡಿದ ತೈಲಚಿತ್ರಗಳು ಎಷ್ಟೇ ನುಣುಪಾಗಿದ್ದರೂ ನಿರ್ಜೀವವಾಗಿಯೇ ಉಳಿಯುತ್ತವೆ.

ಯಾದಗಿರಿ ಜಿಲ್ಲೆಯ ಚಿತ್ರಕಲಾ ಶಿಕ್ಷಕರು ತಮ್ಮ ವಿದ್ಯಾರ್ಥಿಗಳ ಮುಂದೆ ಹಣ್ಣು, ಹೂದಾನಿಗಳ ಜೊತೆಗೆ ಒಂದು ಗುಂಡು ಹರಳನ್ನೂ ಬಿಳಿಯ ಬಟ್ಟೆಯ ಮೇಲೆ ಕಿಟಕಿಯ ಬೆಳಕಿನಲ್ಲಿ ಇಡಬೇಕು. ಊರಿನ ಪತ್ತಾರರನ್ನು ತರಗತಿಗೆ ಕರೆಸಿ, ಹರಳಿನ ಕೆಳಗೆ ತಗಡನ್ನಿಟ್ಟಾಗ ಮತ್ತು ತೆಗೆದಾಗ ಆಗುವ ವ್ಯತ್ಯಾಸವನ್ನು ಮಕ್ಕಳ ಕಣ್ಣಿಗೆ ತೋರಿಸಬೇಕು. ಇದಕ್ಕಿಂತಲೂ ತುರ್ತಾದ ಕೆಲಸವೊಂದು ಹಳೆಯ ಚಿತ್ರಗಳನ್ನು ಇಟ್ಟುಕೊಂಡಿರುವ ಮನೆತನಗಳ ಕೈಯಲ್ಲಿದೆ. ನೀರಿನಲ್ಲಿ ಕರಗುವ ಅಂಟಿನಿಂದ ಮಾಡಿದ ಬಣ್ಣ ಮತ್ತು ರೇಕಿನ ಕೆಲಸವು ಒದ್ದೆ ಬಟ್ಟೆಯಿಂದ ಒರೆಸಿದರೆ ಅಳಿಸಿಹೋಗುತ್ತದೆ. ಧೂಪದ ಹೊಗೆಯಿಂದ ಮಂಕಾಗುತ್ತದೆ, ಹಸಿಗೋಡೆಯ ತೇವಕ್ಕೆ ಪಕಳೆಯಾಗಿ ಏಳುತ್ತದೆ. ದೇವರ ಕೋಣೆಯಲ್ಲಿ ಸುರಪುರದ ಹಳೆಯ ಚಿತ್ರ ಉಳ್ಳವರು ಅದನ್ನು ನೀರಿನಿಂದ ಒರೆಸದಿರಲಿ, ಮಸುಕಾಯಿತೆಂದು ಅದರ ಮೇಲೆ ಹೊಸ ಬಣ್ಣ ಬಳಿಸದಿರಲಿ, ತೇವದ ಗೋಡೆಯಿಂದ ದೂರವಿಟ್ಟು ಬಲ್ಲವರಿಗೆ ಒಮ್ಮೆ ತೋರಿಸಲಿ.